ಮೂವತ್ತು ದಿನದ ಕ್ಯಾಮೆರಾ

ನಮ್ಮ ಮನೆಯಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದ್ದದ್ದು ಒಟ್ಟು ಇಪ್ಪತ್ತೊಂಬತ್ತು ದಿನ. ಮೂವತ್ತನೆಯ ದಿನಕ್ಕೆ ಅಂಗಡಿಯವರ ದಯೆ ಮುಗಿಯುತ್ತಿತ್ತು.

ಅದು ಎರಡು ಸಾವಿರದ ಐದನೇ ಇಸವಿ. ಟೊರಾಂಟೋ ಪಕ್ಕದ ಯೂನಿಯನ್‌ವಿಲ್ಲಿನ ನಮ್ಮ ಬಳಗದಲ್ಲಿ ಸಾಮಾನು ತರುವುದಕ್ಕೆ ಎರಡು ದಾರಿಗಳಿದ್ದವು. ಒಂದು, ಕೊಂಡು ತರುವುದು. ಇನ್ನೊಂದು, ‘ಟೆಸ್ಟಿಗೆ’ ತರುವುದು. ಟೆಸ್ಟಿಗೆ ತಂದದ್ದನ್ನು ಮೂವತ್ತು ದಿನದೊಳಗೆ ಹಿಂದಿರುಗಿಸಿದರೆ ಕೊಟ್ಟ ಹಣ ಪೂರ್ತಿ ವಾಪಸ್ಸು. ನನ್ನ ಗಂಡ ವೇಣುಗೋಪಾಲ ಈ ಶಾಸ್ತ್ರದಲ್ಲಿ ಘನಪಾಠಿಗಳು. ನಾವು ಕಾಡಿನಲ್ಲಿ ಎರಡು ರಾತ್ರಿ ಮಲಗೆದ್ದ ಟೆಂಟು, ಬೇಸ್‌ಮೆಂಟಿನ ಕಾರ್ಪೆಟ್ಟು ತೊಳೆದ ಯಂತ್ರ, ನನ್ನ ತಮ್ಮನ ಮದುವೆಗೆಂದು ಮೈಸೂರು ನೋಡಿಬಂದ ಸೂಟ್‌ಕೇಸು, ಎಲ್ಲವೂ ತೌರಿಗೆ ಹೋದ ಹಾಗೆ ಅಂಗಡಿಗೆ ಮರಳಿದ್ದವು. ನಾನೇನೂ ಇದರ ಹೊರಗಿದ್ದವಳಲ್ಲ. ಬಿಲ್ಲುಗಳನ್ನು ದೇವರ ಗೂಡಿನಲ್ಲಿ, ಗಣಪತಿಯ ಪೀಠದ ಕೆಳಗೆ ಜೋಪಾನವಾಗಿ ಇಡುತ್ತಿದ್ದವಳು ನಾನೇ.

ಆ ಸಲ ಕ್ಯಾಮೆರಾ ತರುವುದಕ್ಕೆ ಕಾರಣ ಶಾರದವ್ವ. ಹುಬ್ಬಳ್ಳಿಯ ಕಡೆಯ ಗದಿಗೆಪ್ಪ ವುಡ್‌ಬ್ರಿಡ್ಜಿನ ಬಾಗಿಲು ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸ ಮಾಡುತ್ತಿದ್ದರು; ಮನೆ ರೆಕ್ಸ್‌ಡೇಲಿನಲ್ಲಿ. ಅವರ ತಾಯಿ ಶಾರದವ್ವ ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಬರುವಾಗ ತಮ್ಮ ಧಾರೆಯ ಇಳಕಲ್ ಸೀರೆ ತಂದಿದ್ದರು. ಮೊಮ್ಮಗಳು ತೃಪ್ತಿ ಅದನ್ನು ಉಟ್ಟು ತಮ್ಮ ಪಕ್ಕ ನಿಂತ ಒಂದು ಫೋಟೋ ಬೇಕು, ಅದನ್ನು ಊರಿಗೆ ಒಯ್ಯಬೇಕು ಎನ್ನುವುದೊಂದೇ ಅವರ ಹಟ. ತೃಪ್ತಿ ಟೊರಾಂಟೋದಲ್ಲೇ ಹುಟ್ಟಿದವಳು, ಹತ್ತೊಂಬತ್ತು ವರ್ಷ. ಸೀರೆ ಎಂದರೆ ಕಾಲಿಗೆ ಕಟ್ಟಿದ ಹಗ್ಗ ಎಂದು ತಿಳಿದಿದ್ದಳು. ಐದು ತಿಂಗಳು ಅಜ್ಜಿ ಪುಸಲಾಯಿಸಿದ ಮೇಲೆ, “ಒನ್ಲಿ ಒನ್ಸ್, ಅಜ್ಜಿ” ಎಂದು ಒಪ್ಪಿದ್ದಳಂತೆ.

ಈ ಕತೆಯನ್ನು ಗದಿಗೆಪ್ಪ ನಮ್ಮ ಊಟದ ಮೇಜಿನಲ್ಲಿ ಹೇಳುತ್ತಿದ್ದಾಗ, ಯಾರೂ ಕೇಳದೆ ನನ್ನ ಗಂಡ ಅಂದರು: “ಸ್ಟುಡಿಯೋ ಯಾಕೆ? ನಾನು ತೆಗೀತೀನಿ. ಡಿಎಸ್‌ಎಲ್‌ಆರ್ ತಗೋತಾ ಇದೀನಿ.”

ನನಗೂ ಆಗಲೇ ಗೊತ್ತಾದದ್ದು.

ಶನಿವಾರ ಅಂಗಡಿಗೆ ಹೋದೆವು. ಮೊದಲ ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಯಾವುದು ಬೇಕು, ಯಾವುದನ್ನು ಬಿಡಬಹುದು ಎಂದು ತಲೆ ಕೆಡಿಸಿಕೊಳ್ಳುತ್ತಾರಂತೆ. ನಮಗೆ ಆ ಕಷ್ಟವೇ ಬರಲಿಲ್ಲ. ಮಾರುವವನು ಟ್ರೈಪಾಡ್ ತೋರಿಸಿದ, ಇವರು ತಲೆಯಾಡಿಸಿದರು. ಲೆನ್ಸಿನ ಮುಂದೆ ಹಾಕುವ ಯುವಿ ಫಿಲ್ಟರು ತೋರಿಸಿದ, ಆಗಲಿ ಅಂದರು. ಹೊರಗಿನ ಫ್ಲ್ಯಾಶು, ಇನ್ನೊಂದು ಲೆನ್ಸು, ಎರಡನೇ ಬ್ಯಾಟರಿ, ಧೂಳು ಊದುವ ರಬ್ಬರು ಬುರುಡೆ, ಹದಿನಾಲ್ಕು ಜೇಬಿನ ಚೀಲ.

“ಇಷ್ಟೆಲ್ಲ ಯಾಕ್ರೀ?” ಅಂದೆ ಮೆಲ್ಲಗೆ.

“ವಾಪಸ್ ಕೊಡೋದೇ ಆದ್ಮೇಲೆ ಜಿಪುಣತನ ಯಾಕೆ, ನೀರಜಾ?” ಅಂದರು, ಇನ್ನೂ ಮೆಲ್ಲಗೆ.

ಒಂದೇ ಒಂದಕ್ಕೆ ಇವರ ಕೈ ಹಿಂಜರಿಯಿತು. ಮೆಮೊರಿ ಕಾರ್ಡು. ಕ್ಯಾಮೆರಾದ ಜೊತೆ ಅದು ಬರುವುದಿಲ್ಲ, ಬೇರೆ ಕೊಳ್ಳಬೇಕು. ಪೊಟ್ಟಣ ಒಡೆದರೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಬಹಳ ಹೊತ್ತು ಯೋಚಿಸಿ ಅತಿ ಚಿಕ್ಕದನ್ನು ಆರಿಸಿದರು. ಹಾಗಾಗಿ ಅಷ್ಟು ಸಾಮಾನಿನಲ್ಲಿ ನಿಜವಾಗಿ ನಮ್ಮದು ಅಂತ ಇದ್ದದ್ದು ಬೆಂಕಿಪೊಟ್ಟಣದಷ್ಟೂ ಇಲ್ಲದ ಆ ಕಾರ್ಡು ಮಾತ್ರ.

ಮನೆಯಲ್ಲಿ ಕ್ಯಾಮೆರಾಕ್ಕೆ ಮಡಿ ಶುರುವಾಯಿತು. ಕೊರಳಪಟ್ಟಿಗೆ ಕಟ್ಟಿದ ತಂತಿಯನ್ನು ಬಿಚ್ಚುವಂತಿಲ್ಲ. ಟ್ರೈಪಾಡಿನ ಕಾಲುಗಳಿಗೆ ಸುತ್ತಿದ ಪ್ಲಾಸ್ಟಿಕ್ ತೆಗೆಯುವಂತಿಲ್ಲ. ಚೀಲದ ಬೆಲೆಚೀಟಿಯನ್ನು ಹದಿನಾಲ್ಕರಲ್ಲಿ ಒಂದು ಜೇಬಿಗೆ ತುರುಕಿಟ್ಟದ್ದಾಯಿತು. ಕಂಪ್ಯೂಟರಿಗೆ ಹಾಕುವ ಸಿ.ಡಿ.ಯ ಲಕೋಟೆಯನ್ನಂತೂ ಮುಟ್ಟುವಂತಿಲ್ಲ, ಅದರ ಸೀಲು ಹರಿದರೆ ಎಲ್ಲ ಕೆಟ್ಟಿತು. ಎರಡೇ ದಿನಕ್ಕೆ ಆಯುಧಪೂಜೆ ಬಂತು. ಕಾರಿಗೆ, ಕಂಪ್ಯೂಟರಿಗೆ, ಈಳಿಗೆಮಣೆಗೆ ಇಟ್ಟ ಹಾಗೆ ಕ್ಯಾಮೆರಾದ ನೆತ್ತಿಗೂ ಕುಂಕುಮ ಇಟ್ಟೆ.

“ಒರೆಸಿದ್ರೆ ಹೋಗೋ ಹಾಗಿಡು” ಅಂದರು ಇವರು.

ಆ ವಾರದ ಕೊನೆಗೆ ರೆಕ್ಸ್‌ಡೇಲಿಗೆ ಹೋದೆವು. ತೃಪ್ತಿ ಸೀರೆಯಲ್ಲಿ ಮೆಟ್ಟಿಲಿಳಿದು ಬಂದಳು, ಕೆಂಪು ಸೆರಗನ್ನು ಎರಡು ಕೈಯಲ್ಲಿ ಹಿಡಿದು, ತುಂಬಿದ ಪಾತ್ರೆ ತರುವವಳ ಹಾಗೆ. ಶಾರದವ್ವ ಅವಳನ್ನೇ ನೋಡುತ್ತಾ ನೆರಿಗೆ ತಿದ್ದಿದರು. ಇವರು ಟ್ರೈಪಾಡ್ ನಿಲ್ಲಿಸಿದರು. ಪ್ಲಾಸ್ಟಿಕ್ಕಿನ ಕಾಲುಗಳು ನುಣುಪಾದ ನೆಲದ ಮೇಲೆ ಜಾರಿದವು.

“ಆ ಪ್ಲಾಸ್ಟಿಕ್ ಬಿಚ್ಚರಿ ತಮ್ಮಾ, ನೆಟ್ಟಗ ನಿಂದರತೈತಿ” ಅಂದರು ಶಾರದವ್ವ.

“ಇರ್ಲಿ ಅಮ್ಮ, ಗೀರು ಬೀಳುತ್ತೆ.”

ಶಾರದವ್ವ ಈಗ ಚೀಲದತ್ತ ಬಗ್ಗಿದರು. ಬೆಲೆಚೀಟಿ ಜೇಬಿನಿಂದ ಹೊರಗೆ ಇಣುಕಿತ್ತು. “ಅಯ್ಯ, ಚೀಟಿ ಹಂಗ ಐತಲ್ಲ. ತೃಪ್ತಿ, ಕತ್ತರಿ ಕೊಡವಾ.”

ತೃಪ್ತಿ ಕತ್ತರಿ ತಂದಳು. ಶಾರದವ್ವ ಚೀಟಿಯ ದಾರಕ್ಕೆ ಕತ್ತರಿ ಹಾಕುವುದರೊಳಗೆ ನನ್ನ ಗಂಡ, ಎಂ.ಟೆಕ್ ಓದಿದ ನಲವತ್ತೊಂದರ ಗಂಡಸು, ಎಂಬತ್ತರ ಮುದುಕಿಯ ಕೈಯಿಂದ ಚೀಲ ಕಿತ್ತುಕೊಂಡರು. ಮುದುಕಿ ಕತ್ತರಿ ಹಿಡಿದೇ ನಿಂತರು.

“ಅದರಲ್ಲಿ ನಂಬರಿದೆ, ವಾರಂಟಿಗೆ ಬೇಕು” ಅಂತ ಸುಳ್ಳು ಸೇರಿಸಿದವಳು ನಾನು. ತೃಪ್ತಿ ಚೀಟಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಅಜ್ಜಿಯ ಕೈಯಿಂದ ಕತ್ತರಿ ತೆಗೆದುಕೊಂಡು ಒಳಗೆ ಇಟ್ಟು ಬಂದಳು.

ಇಷ್ಟಾದರೂ ಫೋಟೋ ಚೆನ್ನಾಗಿ ಬಂದವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅಜ್ಜಿ, ಮೊಮ್ಮಗಳು, ಸೀರೆ ಕಂಡದ್ದೇ ಶಾರದವ್ವ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಪ್ರಿಂಟು ಹಾಕಿಸುವುದೊಂದು ಬಾಕಿ. ಇವತ್ತು, ನಾಳೆ. ಗದಿಗೆಪ್ಪ ಮೂರು ಸಲ ಫೋನು ಮಾಡಿದರು. “ಎಡಿಟಿಂಗ್ ನಡೀತಾ ಇದೆ” ಅಂದರು ಇವರು, ಟಿ.ವಿ. ಮುಂದೆ ಕೂತು. ದೀಪಾವಳಿ ಕಳೆಯಿತು. ಇಪ್ಪತ್ತೊಂಬತ್ತನೆಯ ದಿನ ಬಂತು.

ಬೆಳಿಗ್ಗೆ ಸಾಮಾನನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ, ಬಿಲ್ಲು ಹಿಡಿದು ನಾನು ಓದಿದೆ, ಇವರು ಒಂದೊಂದನ್ನೂ ಅದರದರ ಡಬ್ಬಿಗೆ ತುಂಬಿದರು. ಫಿಲ್ಟರು, ಫ್ಲ್ಯಾಶು, ಬುರುಡೆ. ಹಿಂದಿರುಗಿಸಬೇಕಾದದ್ದು ಒಂದೂ ತಪ್ಪಲಿಲ್ಲ. ಹಿಂದಿರುಗಿಸಬೇಕಿಲ್ಲದ ಒಂದನ್ನು ನಾನು ಓದಲೂ ಇಲ್ಲ, ಇವರು ಕೇಳಲೂ ಇಲ್ಲ.

ನಮ್ಮ ಕಡೆಯ ಅಂಗಡಿಯಲ್ಲಿ ಟೆಂಟಿನ ಕಾಲದಿಂದ ಇವರ ಮುಖಪರಿಚಯವಿತ್ತು. ಅದಕ್ಕೇ ಅದೇ ಅಂಗಡಿಯ ವುಡ್‌ಬ್ರಿಡ್ಜ್ ಶಾಖೆಗೆ ಹೋದೆವು. ರಿಟರ್ನ್ಸ್ ಸಾಲಿನಲ್ಲಿ ನಮ್ಮ ಸರದಿ ಬಂದು ತಲೆಯೆತ್ತಿದರೆ, ಕೌಂಟರಿನ ಹಿಂದೆ ತೃಪ್ತಿ, ಎದೆಯ ಮೇಲೆ ಹೆಸರಿನ ಬಿಲ್ಲೆ.

ಕಾಲೇಜಿನ ಜೊತೆ ಎಲ್ಲೋ ಪಾರ್ಟ್‌ಟೈಮ್ ಮಾಡುತ್ತಾಳೆ ಎಂದು ಗದಿಗೆಪ್ಪ ಅಂದದ್ದಿತ್ತು. ಎಲ್ಲಿ ಎಂದು ನಾವು ಕೇಳಿರಲಿಲ್ಲ. ಕಾರ್ಖಾನೆಯವರ ಮಕ್ಕಳು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳುವ ಕುತೂಹಲ ನಮ್ಮ ಬಳಗದಲ್ಲಿ ಇರಲಿಲ್ಲ.

“ಹಾಯ್ ಅಂಕಲ್, ಹಾಯ್ ಆಂಟಿ” ಅಂದಳು, ಎಲ್ಲರಿಗೂ ಅನ್ನುವ ದನಿಯಲ್ಲಿ. “ರೀಸನ್ ಫಾರ್ ರಿಟರ್ನ್?”

ಇವರ ಬಾಯಲ್ಲಿ ಸಿದ್ಧವಾಗಿದ್ದ ಉತ್ತರ, ತಡೆಯುವ ಮೊದಲೇ, ಹೊರಬಿತ್ತು. “ಡಿಫೆಕ್ಟಿವ್. ಪಿಕ್ಚರ್ ಸರಿ ಬರ್ತಿಲ್ಲ.”

“ಓಕೆ. ಐ ಹ್ಯಾವ್ ಟು ಚೆಕ್.”

ಅವಳು ಕ್ಯಾಮೆರಾ ತೆಗೆದು ಗುಂಡಿ ಒತ್ತಿದಳು. ಪರದೆ ಬೆಳಗಿತು. ನಾನು ನಿಂತಲ್ಲಿಂದಲೇ ಆ ಕೆಂಪು ಸೆರಗು ಕಂಡೆ. ತೃಪ್ತಿ ಒಂದು ಚಿತ್ರ ನೋಡಿದಳು, ಇನ್ನೊಂದು ನೋಡಿದಳು. ಹಿಂದಿನವನು ತನ್ನ ಮೈಕ್ರೋವೇವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ದೀಸ್ ಕೇಮ್ ಔಟ್ ನೈಸ್” ಅಂದಳು. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಅದನ್ನು ಹಿಡಿದುಕೊಂಡು ನಾನು ಸಿಟ್ಟಾದರೂ ಆಗಬಹುದಿತ್ತು.

ಪಕ್ಕದ ಬಾಗಿಲು ತೆರೆದು ಕಾರ್ಡು ಹೊರತೆಗೆದಳು. ಇನ್ನೆರಡು ನಿಮಿಷ ಕಳೆದಿದ್ದರೆ ಅದು ಯಾವುದೋ ಗೋದಾಮಿಗೆ ಹೋಗುತ್ತಿತ್ತು. ಅಜ್ಜಿಯ ಆರು ತಿಂಗಳೂ ಅದರೊಳಗಿತ್ತು. “ಕ್ಯಾನ್ ಐ ಕೀಪ್ ದಿಸ್ ಟಿಲ್ ಟುಮಾರೋ? ನಾನೇ ಪ್ರಿಂಟ್ ಹಾಕಿಸ್ತೀನಿ. ಅಜ್ಜಿ ಡೈಲಿ ಕೇಳ್ತಾಳ.”

ನಾನು ತಲೆಯಾಡಿಸಿದೆ. ಇವರು ಗೋಡೆಯ ಮೇಲಿನ ರಿಟರ್ನ್ ನಿಯಮಗಳನ್ನು ಮೊದಲ ಸಲ ಎಂಬಂತೆ ಓದುತ್ತಿದ್ದರು.

ಆಮೇಲೆ ಅವಳ ಕಣ್ಣಿಗೆ ಕ್ಯಾಮೆರಾದ ನೆತ್ತಿಯ ಗೆರೆಗಳಲ್ಲಿ ಉಳಿದಿದ್ದ ಕುಂಕುಮ ಬಿತ್ತು. ತೆಗೆದುಕೊಳ್ಳಲಾಗದು ಎನ್ನುವುದಕ್ಕೆ ಅಷ್ಟು ಸಾಕಿತ್ತು. ಹಾಗೆ ಅಂದೇ ಬಿಡಲಿ ಅಂತ ನಾನು ಕಾದೆ, ಮನಸ್ಸಿನಲ್ಲೇ ಬೇಡಿಕೊಂಡೆ ಅಂದರೂ ಸರಿಯೇ. ಅವಳು ಅಂಗಿಯ ತೋಳನ್ನು ಹೆಬ್ಬೆರಳಿಗೆ ಎಳೆದುಕೊಂಡು, ನೆತ್ತಿಯನ್ನು ನಿಧಾನವಾಗಿ ಒರೆಸಿ, ಪೂರ್ತಿ ಹಣ ವಾಪಸ್ಸು ಮಾಡಿ, ರಸೀತಿ ಕೊಟ್ಟಳು. ತೋಳಿನ ಮೇಲೆ ಕೆಂಪು ಕಲೆ ಉಳಿಯಿತು.

ಕಾರಿನಲ್ಲಿ ಇವರು “ಒಳ್ಳೆ ಹುಡುಗಿ” ಅಂದರು. ನಾನು ಮನೆಗೆ ಬಂದು ಗಣಪತಿಯ ಪೀಠದ ಕೆಳಗಿನ ಉಳಿದ ಬಿಲ್ಲುಗಳನ್ನು ತೆಗೆದು ಹರಿದೆ. ಅದರಿಂದ ಏನೂ ಆಗಲಿಲ್ಲ. ಅವು ಅವಧಿ ಮುಗಿದ ಬಿಲ್ಲುಗಳು.

ಶಾರದವ್ವ ಹೊರಡುವ ಹಿಂದಿನ ದಿನ ಊಟಕ್ಕೆ ಕರೆದರು. ತಪ್ಪಿಸಿಕೊಳ್ಳಲು ಇವರು ಜ್ವರದ ಮಾತೆತ್ತಿದರು, ನಾನು ಬಿಡಲಿಲ್ಲ. ಗೋಡೆಯ ಮೇಲೆ ಆಗಲೇ ಕಟ್ಟು ಹಾಕಿಸಿದ ಫೋಟೋ. ಇನ್ನೊಂದು ಪ್ರತಿ ಶಾರದವ್ವನ ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಗಳ ನಡುವೆ. ತೃಪ್ತಿ ಬಂದು ಕಾರ್ಡನ್ನು ಒಂದು ಪುಟ್ಟ ಲಕೋಟೆಯಲ್ಲಿ ನನ್ನ ಕೈಗಿಟ್ಟಳು. ಶಾರದವ್ವ ಇವರ ತಟ್ಟೆಗೆ ಮೂರನೇ ಶೇಂಗಾ ಹೋಳಿಗೆ ಹಾಕಿದರು.

“ತಮ್ಮಾ, ಸ್ವಂತ ಮಗನೂ ಇಷ್ಟ ಮಾಡತಿರಲಿಲ್ಲ. ನೀರಜವ್ವನ ಕೂಡ ನಂದೊಂದು ತಗೀರಿ. ಕ್ಯಾಮೆರಾ ತಂದೀರಿಲ್ಲೊ?”

ಇವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು.

“ಅದನ್ನ ಅಂಗಡಿಗೆ ಕೊಟ್ಟಾರ, ಅಜ್ಜಿ” ಅಂದಳು ತೃಪ್ತಿ, ಅಡಿಗೆಮನೆಯ ಬಾಗಿಲಿನಿಂದ. ಅವಳು ಇಂಗ್ಲಿಷ್ ಬೆರೆಸದೆ ಕನ್ನಡ ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಯಾಕ, ಕೆಟ್ಟೈತೇನ?”

“ಇಲ್ಲ. ಚೊಲೊ ಐತಿ.”

ಶಾರದವ್ವ ನಮ್ಮಿಬ್ಬರ ಮುಖ ನೋಡಿದರು. ಇನ್ನೇನೂ ಕೇಳಲಿಲ್ಲ. ಕತ್ತರಿ ಹಿಡಿದು ನಿಂತ ದಿನವೂ ಕೇಳಿರಲಿಲ್ಲ. “ಬಾರವಾ” ಎಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ತೃಪ್ತಿ ತನ್ನ ಹಳೆಯ ಪುಟ್ಟ ಕ್ಯಾಮೆರಾ ತಂದು, “ಆಂಟಿ, ಲುಕ್ ಹಿಯರ್” ಅಂದಳು.

ಆ ಫೋಟೋ ಈಗಲೂ ನನ್ನ ಹತ್ತಿರವಿದೆ. ಶಾರದವ್ವ ನೇರಕ್ಕೆ ನೋಡಿ ನಗುತ್ತಿದ್ದಾರೆ. ನಾನು ನನ್ನ ಮುಷ್ಟಿಯೊಳಗಿನ ಲಕೋಟೆ ನೋಡುತ್ತಿದ್ದೇನೆ.