ಹಲ್ಲಿನ ಸೆಟ್ಟು

ಪೂವಪ್ಪ ಸರಿಸಿದ ಬಿಳಿ ಬಟ್ಟೆಯನ್ನು ಉಮಾವತಿ ಮತ್ತೆ ಎಳೆದು ಗಂಡ ಮುಂಡಪ್ಪನ ಮುಖ ಮುಚ್ಚಿದಳು. ಇದು ಮೂರನೆಯ ಸಲ.

"ಬಾಯಿಗೆ ನೀರು ಬಿಡದೆ ಎತ್ತುವುದು ಹೇಗೆ ಅತ್ತಿಗೆ?" ಪೂವಪ್ಪನ ಕೈಯಲ್ಲಿ ತುಳಸಿ ಎಲೆ ಹಾಕಿದ ಚೊಂಬಿತ್ತು. ವಾಶಿಯ ಹೋಟೆಲಿನಲ್ಲಿ ಮುಂಡಪ್ಪನ ಜೊತೆ ಇಪ್ಪತ್ತಾರು ವರ್ಷ ಟ್ರೇ ಹೊತ್ತವನು ಅವನು.

"ಹಲ್ಲು ಸಿಗಲಿ. ಆಮೇಲೆ ಬಿಡಿ."

"ಸತ್ತವನಿಗೆ ಹಲ್ಲು ಎಂತಕ್ಕೆ ಮಾರಾಯ್ತಿ?"

"ನನಗೆ ಬೇಕು."

ಘಣಸೋಲಿಯ ಆ ಸಣ್ಣ ಹಾಲ್ ಜನರಿಂದ ತುಂಬಿತ್ತು. ಕೆಲವರು ಗೋಡೆಯ ಬದಿಯ ರಟ್ಟಿನ ಪೆಟ್ಟಿಗೆಗಳಿಗೆ ಒರಗಿ ಕೂತಿದ್ದರು. ಪೆಟ್ಟಿಗೆಗಳ ಮೇಲೆ ಮುಂಡಪ್ಪನ ಅಕ್ಷರದಲ್ಲಿ ಬರೆದಿತ್ತು: 'ಮಕ್ಕಳಿಗೆ ಬ್ರಷ್, ಪೇಸ್ಟ್. ಹೊಸದು ಮಾತ್ರ.' ಕೆಳಗೆ ಮನೆಯ ವಿಳಾಸ.

ಮಗ ಹಿತೇಶ್ ಫೋನು ಜೇಬಿಗಿಟ್ಟು ಬಂದ. "ಅಮ್ಮಾ, ಹಾಸ್ಪಿಟಲ್‌ಗೆ ಫಿರ್ ಸೆ ಕೇಳಿದೆ. ಭಾನುವಾರ ಯಾರೋ ತಂದು ಅಡ್ಮಿಟ್ ಮಾಡುವಾಗ್ಲೇ ಪಪ್ಪನ ಬಾಯಲ್ಲಿ ಸೆಟ್ ಇರ್ಲಿಲ್ಲ ಅಂತೆ. ಹನ್ನೆರಡಕ್ಕೆ ಸ್ಮಶಾನದ ಟೈಮ್. ಲೇಟ್ ಆದ್ರೆ ನಂಬರ್ ಹೋಗ್ತದೆ."

"ಸುಳ್ಳು. ಹಲ್ಲಿಲ್ಲದೆ ಅವರು ಬಾಗಿಲಿಗೂ ಬಂದವರಲ್ಲ."

ಅವಳಿಗೆ ಗೊತ್ತಿದ್ದ ಮಟ್ಟಿಗೆ ಅದು ನಿಜ.

* * *

ಮುಂಡಪ್ಪನ ಹಲ್ಲುಗಳು ನಲವತ್ತಕ್ಕೆಲ್ಲ ಹೋಗಿದ್ದವು. ಹದಿಮೂರಕ್ಕೆ ಹೋಟೆಲು ಸೇರಿದವನು. ಉಜ್ಜಲು ಒಲೆಯ ಬೂದಿ, ಹಸಿವಿಗೆ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ, ನಿದ್ದೆ ತಡೆಯಲು ತಂಬಾಕು. ಸೆಟ್ಟು ಕಟ್ಟಿಸಿಕೊಂಡ ಮೇಲೆ ಅದನ್ನು ತೊಳೆಯುತ್ತಿದ್ದುದು ಬಚ್ಚಲಿನ ಚಿಲಕ ಹಾಕಿಕೊಂಡೇ. ಮಲಗುತ್ತಿದ್ದುದು ಗೋಡೆಗೆ ಮುಖ ಮಾಡಿ. ಒಂದು ಬೆಳಿಗ್ಗೆ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಉಮಾವತಿ ಬಾಗಿಲು ತಳ್ಳಿದಳು. ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕಿರುಚಿದ. ಎರಡು ದಿನ ಮಾತಾಡಲಿಲ್ಲ. ಅವಳು ಮತ್ತೆಂದೂ ಬಾಗಿಲು ತಳ್ಳಲಿಲ್ಲ. ಇಪ್ಪತ್ತೇಳು ವರ್ಷ.

ಕೆಲಸ ಬಿಟ್ಟ ಮೇಲೆ ಈ ಪೆಟ್ಟಿಗೆಗಳ ಹುಚ್ಚು ಹಿಡಿಯಿತು. ಅಪಾರ್ಟ್‌ಮೆಂಟ್ ಸೊಸೈಟಿಗಳ ಗೇಟಿನಲ್ಲಿ ಇಟ್ಟು ಬರುತ್ತಿದ್ದ. ಜನ ಲಾಡ್ಜಿನ ಪುಕ್ಕಟೆ ಬ್ರಷ್ಷು, ಅರ್ಧ ಹಿಂಡಿದ ಪೇಸ್ಟು ಹಾಕುತ್ತಿದ್ದರು. ಒಬ್ಬರು ಶೂ ಪಾಲಿಶ್ ಮಾಡುವ ಬ್ರಷ್ಷನ್ನೂ ಹಾಕಿದ್ದರು. ಒಳ್ಳೆಯದನ್ನು ಆರಿಸಿ, ಚೀಲಕ್ಕೆ ತುಂಬಿ, ಭಾನುವಾರ ತುರ್ಭೆಯ ಹಮಾಲರ ಜೋಪಡಿ ಬಸ್ತಿಗೆ ಹೊರಡುತ್ತಿದ್ದ.

"ಅಲ್ಲಿ ಎಂತ ಮಾಡ್ತೀರಿ?"

"ಮಕ್ಕಳಿಗೆ ಉಜ್ಜುವುದು ಕಲಿಸ್ತೇನೆ."

"ನಾನೂ ಬರ್ಲಾ?"

"ನೀನು ಎಂತಕ್ಕೆ? ಬಿಸಿಲು."

* * *

ಹನ್ನೊಂದೂಕಾಲಕ್ಕೆ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಳು. ಹಿಂದೆ ನಾಲ್ಕು ಮಕ್ಕಳು. ಹೊರಗಿನ ಚಪ್ಪಲಿ ರಾಶಿಯನ್ನೂ ಒಳಗೆ ಮಲಗಿಸಿದ್ದನ್ನೂ ನೋಡಿ ಅವಳು ಕೈಯ ಸ್ಟೀಲ್ ಡಬ್ಬಿಯೊಂದಿಗೆ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟಳು.

"ನಾ ಮರಗಮ್ಮ ರೀ. ತುರ್ಭೆದಿಂದ. ಸೊಸೈಟಿ ಗೇಟಿನಾಗಿನ ಪೆಟ್ಟಿಗಿ ಮ್ಯಾಲಿನ ಅಡ್ರೆಸ್ ಹಿಡ್ಕೊಂಡು ಬಂದ್ವಿ. ಅಜ್ಜಾರಿಗೆ ಉಣ್ಣಾಕ ಬೇಕಾಗ್ತಾವಂತ..."

ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹಲ್ಲಿನ ಸೆಟ್ಟು.

"ಇದು ನಿಮ್ಮ ಹತ್ರ ಕೈಸೇ?" ಹಿತೇಶ್ ಕೇಳಿದ.

"ಆಯಿತ್ವಾರ ಪಾಠ ಮಾಡಾಕತ್ತಿದ್ರು. ಯಾವಾಗಿನಂಗ ಹಲ್ಲು ತಗದು ಹುಡುಗರ ಕೈಯಾಗ ಕೊಟ್ರು, ಉಜ್ಜಿ ತೋರಸ್ರಿ ಅಂದ್ರು. ಎದಿ ಹಿಡ್ಕೊಂಡು ಕುಂತುಬಿಟ್ರು. ನಮ್ ಗಂಡಸ್ರು ಟೆಂಪೋದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ರು. ಹಲ್ಲು ಅಲ್ಲೇ ಉಳದ್ವು."

"ಎಲ್ಲರ ಎದುರು ತೆಗೀತಿದ್ರಾ?" ಉಮಾವತಿ ಕೇಳಿದಳು.

"ಪ್ರತಿ ಆಯಿತ್ವಾರ ರೀ ಯವ್ವಾ. ಉಜ್ಜಲಿಲ್ಲಂದ್ರ ನೀವೂ ಹಿಂಗಾಗ್ತೀರಿ ಅಂತ ಬಾಯಿ ಹಿಂಗ ಮಾಡೋರು." ಮರಗಮ್ಮ ಕೆನ್ನೆ ಒಳಗೆಳೆದು ತೋರಿಸಿದಳು. "ಹುಡುಗ್ರು ಬಿದ್ದು ಬಿದ್ದು ನಗೋವು. ಅವ್ರೂ ನಗೋರು."

ಉಮಾವತಿ ಡಬ್ಬಿಯನ್ನು ಪೂವಪ್ಪನಿಗೆ ಕೊಟ್ಟಳು. ಅವನು ಬಟ್ಟೆಯೊಳಗೆ ಕೈ ತೂರಿಸಿ ಒಂದಷ್ಟು ಹೊತ್ತು ಪ್ರಯತ್ನಿಸಿದ.

"ದವಡೆ ಸೆಟೆದಿದೆ ಅತ್ತಿಗೆ. ಹೋಗುವುದಿಲ್ಲ."

ಕೈ ಹೊರತೆಗೆಯುವಾಗ ಬಟ್ಟೆ ಜಾರಿತು. ಮೂಗು ಗದ್ದಕ್ಕೆ ತಾಗುವಂತಿತ್ತು. ತುಟಿಗಳು ಒಳಗೆ ಮಡಚಿಕೊಂಡಿದ್ದವು. ಐಸಿಯುವಿನಲ್ಲಿ ಇದನ್ನು ಮಾಸ್ಕ್ ಮುಚ್ಚಿತ್ತು.

ಮರಗಮ್ಮನ ಸೆರಗಿನ ಹಿಂದಿನಿಂದ ಇಣುಕಿದ ಪುಟ್ಟ ಹುಡುಗಿಯೊಬ್ಬಳು ಆ ಮುಖ ಕಂಡದ್ದೇ ಕಿಲಕಿಲ ನಕ್ಕಳು. ಉಳಿದ ಮೂವರೂ ನಕ್ಕರು. ಮರಗಮ್ಮ ಹುಡುಗಿಯ ಬೆನ್ನಿಗೆ ಒಂದು ಬಿಟ್ಟಳು.

"ಹೊಡೀಬೇಡ," ಉಮಾವತಿ ಹೇಳಿದಳು. "ಆ ಮಗುವಿಗೆ ಅವರ ಗುರುತು ಸಿಕ್ಕಿತು. ನನಗೆ ಸಿಗಲಿಲ್ಲ."

ಬಟ್ಟೆಯನ್ನು ತಾನೇ ಎದೆಯವರೆಗೆ ಮಡಚಿದಳು. ಪೂವಪ್ಪ, ಹಿತೇಶ್, ನೆಂಟರು ಒಬ್ಬೊಬ್ಬರಾಗಿ ನೀರು ಬಿಟ್ಟರು. ಮಕ್ಕಳು ಹೇಳಿಸಿಕೊಳ್ಳದೆ, ಭಾನುವಾರದ ಅಭ್ಯಾಸದಂತೆ, ಸಾಲಾಗಿ ನಿಂತಿದ್ದರು. ಅವರೂ ಬಿಟ್ಟರು.

ಕೊನೆಗೆ ಉಮಾವತಿ ಬಗ್ಗಿದಳು. ಅಷ್ಟು ಹತ್ತಿರದಿಂದ ಆ ಬಾಯಿಯನ್ನು ಅವಳು ನೋಡಿರಲಿಲ್ಲ. ಅವಳು ಬಿಟ್ಟ ನೀರು ಒಳಗೆ ಇಳಿಯಲಿಲ್ಲ. ತುಟಿಯ ಅಂಚಿನಿಂದ ಹರಿದು ಕೆನ್ನೆಯ ಗುಳಿಯಲ್ಲಿ ನಿಂತಿತು, ಒಂದು ತುಳಸಿ ಎಲೆ ತೇಲಿಸಿಕೊಂಡು.