ಎರಡು ಪೆಟ್ಟಿಗೆಗೆ ಒಂದೇ ನಕಲಿ

ತೋರಣಗಲ್ಲಿನ ಒಂದು ಕಾರ್ಖಾನೆಯಲ್ಲಿ ಗ್ಯಾಸ್ ವಾಲ್ವ್ ತೆರೆಯುವ ಮುಂಚೆ, ಶೆಡ್ಡಿನೊಳಗೆ ವಾಹನ ಇದೆಯೇ, ಮನುಷ್ಯರಿದ್ದಾರೆಯೇ ಎಂದು ಕಂಪ್ಯೂಟರ್ ಹೇಳಬೇಕು. ಆ ಪ್ರೋಗ್ರಾಂ ಶನಿವಾರ ಸಂಜೆ ಐದಕ್ಕೆ ಕಾರ್ಖಾನೆಗೆ ಹೊರಡಲಿತ್ತು. ಅದನ್ನು ಪರೀಕ್ಷಿಸುವವಳು ದೇವಿಕಾ. ಚಿತ್ತವಾಡ್ಗಿಯ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು, ಪರೀಕ್ಷೆಗಳೆಲ್ಲ ಪಾಸಾಗಿ ಪರದೆ ಹಸಿರಾದದ್ದನ್ನು ಕಂಡು, ಹೊಸಪೇಟೆ ಆಫೀಸಿನ ಜಂಬುನಾಥ್ ಸಾರ್‌ಗೆ "ಓಕೆ" ಎಂದು ಕಳಿಸಿಯೂ ಆಗಿತ್ತು. ಹಸಿರು ಕಂಡರೆ ಕಣ್ಣು ಮುಚ್ಚಿ ನಂಬುವುದು ಈ ಕಸುಬಿನವರ ಹಳೇ ಚಾಳಿ.

ಅದೇ ದಿನ ಮೂರೂವರೆಗೆ ಅವ್ವ ಹೊಳೆಮ್ಮ ಮೊದಲ ಪಾಳಿ ಮುಗಿಸಿ ಬಂದಳು. ಅದೇ ಕಾರ್ಖಾನೆಯಲ್ಲಿ ಶೆಡ್ ಗುಡಿಸುವವಳು. ಮೈಯೆಲ್ಲ ಸಿಟ್ಟು.

"ಇವತ್ತು ನಮ್ಮ ಜೋಡಿ ಗುಡಿಸೋ ತಾಯಕ್ಕನ್ನ ಶೆಡ್ಡಿನ ಒಳಗ ಬಿಟ್ಟು ಬಾಗ್ಲಾ ಹಾಕಿದ್ರವ್ವ! ಜೊತಿಗಿದ್ದ ಪಕೀರಮ್ಮ ಬಸ್ಸಿನ್ಯಾಗ ಸೀಟು ಹಿಡಿಯಾಕ ತಾಯಕ್ಕನ ಬುತ್ತಿ ಚೀಲಾನೂ ತಗಂಡು ಹೋಗಿದ್ಲು. ಮೇಸ್ತ್ರಿ ಮಂದೀನ ಎಲ್ಲಿ ನೋಡ್ತಾನ? ಗೂಟದ ಮ್ಯಾಲಿನ ಚೀಲ ನೋಡ್ತಾನ. ಚೀಲ ಇಲ್ಲಂದ್ರ ಆಳೂ ಇಲ್ಲ!"

"ಆಮ್ಯಾಲೆ?"

"ಬಾಗ್ಲಾ ಬಡದು ಬಡದು ಹೊರಗ ಬಂದ್ಲು, ಪಾಪ."

ದೇವಿಕಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. ತಾನಾದರೂ ನೋಡಿದ್ದೇನನ್ನು?

ಪ್ರೋಗ್ರಾಂನಲ್ಲಿ 'ಪೆಟ್ಟಿಗೆ' ಎಂಬ ಒಂದೇ ಜೆನೆರಿಕ್ ಕ್ಲಾಸಿನಿಂದ, ಎಂದರೆ ಯಾವುದಕ್ಕೂ ಹೊಂದುವ ಒಂದೇ ಅಚ್ಚಿನಿಂದ, ವಾಹನಕ್ಕೊಂದು, ಮನುಷ್ಯರಿಗೊಂದು ಪೆಟ್ಟಿಗೆ ತಯಾರಾಗುತ್ತಿದ್ದವು. ಪರೀಕ್ಷೆಗೆ ನಿಜವಾದ ಲಾರಿ ಎಲ್ಲಿಂದ ತರುವುದು? ಅದಕ್ಕೇ ಅವಳು ಪೆಟ್ಟಿಗೆ ಹುಟ್ಟಿಸುವ ಕನ್‌ಸ್ಟ್ರಕ್ಟರನ್ನು ಮಾಕ್ ಮಾಡಿ, ವಾಹನದ ಪೆಟ್ಟಿಗೆಯ ಜಾಗದಲ್ಲಿ ನಕಲಿ ಕೂರಿಸಿದ್ದಳು. ಯಾವಾಗ ಕೇಳಿದರೂ "ಒಳಗೆ ಇದೆ" ಎನ್ನುವ ನಕಲಿ. ಆದರೆ ಪ್ರೋಗ್ರಾಂ ಓಡುವ ಹೊತ್ತಿಗೆ, ಅದನ್ನು ಬರೆದ ಜಾವಾ ಭಾಷೆ ಪೆಟ್ಟಿಗೆಯ ಮೇಲಿನ ಹೆಸರಿನ ಚೀಟಿಯನ್ನೇ ಅಳಿಸಿಬಿಡುತ್ತದೆ. ವಾಹನದ್ದೋ ಮನುಷ್ಯರದ್ದೋ, ಅದಕ್ಕೆ ಎರಡೂ ಬರೀ ಪೆಟ್ಟಿಗೆ. ಹಾಗಾಗಿ ಮನುಷ್ಯರ ಪೆಟ್ಟಿಗೆಯೂ ನಕಲಿಯಾಗಿ, ಪರೀಕ್ಷೆ ಹಸಿರಾಗಿತ್ತು. ಅಸಲಿ ಪೆಟ್ಟಿಗೆಯನ್ನು ಯಾರೂ ಒಂದು ಸಲವೂ ಕೇಳಿರಲಿಲ್ಲ.

ಅವಳು ನಕಲಿಯನ್ನು ಕಿತ್ತುಹಾಕಿದಳು. ಅಸಲಿ ಪೆಟ್ಟಿಗೆಗೆ ಒಬ್ಬರನ್ನು ಸೇರಿಸಬೇಕಿತ್ತು, ಒಂದು ಹೆಸರು ಬೇಕಿತ್ತು. ಒಳಗೆ ಅವ್ವ ಬಳೆ ಸದ್ದು ಮಾಡುತ್ತ ರೊಟ್ಟಿ ಬಡಿಯುತ್ತಿದ್ದಳು. ದೇವಿಕಾ 'ಹೊಳೆಮ್ಮ' ಎಂದು ಬರೆದು ಓಡಿಸಿದಳು.

ಪರದೆ ಕೆಂಪಾಯಿತು. ಬರಬೇಕಾದ ಉತ್ತರ: ಒಳಗೆ ಇದ್ದಾರೆ. ಬಂದ ಉತ್ತರ: ಒಳಗೆ ಯಾರೂ ಇಲ್ಲ.

ಅವಳು ಕೂಡಲೇ ಆಫೀಸಿಗೆ ಫೋನ್ ಹಚ್ಚಿದಳು.

"ಸಾರ್, ಇವತ್ತು ಕಳಿಸಬ್ಯಾಡ್ರಿ."

"ಎಲ್ಲಾ ಹಸಿರು ಐತಿ ಅಂದಿದ್ಯಲ್ಲಮ್ಮ?" ಜಂಬುನಾಥ್ ದನಿ ಏರಿತು. "ಯಾರು ತಪ್ಪು ಮಾಡ್ಯಾರ?"

"ನಾನ ಸಾರ್," ಎಂದಳು ದೇವಿಕಾ. "ಒಳಗ ನಮ್ಮವ್ವ ಇದ್ಲು. ನಾನು ಓಕೆ ಅಂದಿದ್ದೆ."