ಕಾಲುಚೀಲಕ್ಕೆ ಇಸ್ತ್ರಿ

"ಇದು ಇಷ್ಟು ಸಲೀಸಾಗಿ ಏರಬಾರದಲ್ಲಾ ಯಜಮಾನ್ರೇ!" ನರ್ಸಮ್ಮ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಕಾಲನ್ನು ಬಿಗಿಯಾಗಿ ಹಿಡಿಯಲೆಂದು ಡಾಕ್ಟರು ಬರೆದುಕೊಟ್ಟಿದ್ದ ಚೀಲ ಸೊಪ್ಪಾಗಿ ಜೋತುಬಿತ್ತು. "ಎರಡು ತಿಂಗಳಿಗೇ ಹೀಗಾ? ಹೇಗೆ ಒಗೀತೀರಿ ಇದನ್ನ?"

ಈ ಪ್ರಶ್ನೆಗೆ ಗೆರೆ ಮೇಷ್ಟ್ರಿಗೆ ಹುರುಪು ಬಂತು. ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ, ಮೂವತ್ತು ವರ್ಷದಿಂದ ಬೀದಿ ಮೂಲೆಯ ಅಂಗಡಿಯಲ್ಲಿ ನಿಂತು ಬಟ್ಟೆಗೆ ಇಸ್ತ್ರಿ ಹಾಕುವವರು. ಅವರು ಪ್ಯಾಂಟಿಗೆ ಎಳೆದ ಗೆರೆ ಮೂರು ದಿನ ತೊಟ್ಟರೂ ಅಳಿಯುವುದಿಲ್ಲವೆಂದು ಗಿರಾಕಿಗಳೇ ಇಟ್ಟ ಹೆಸರು ಅದು.

"ತಣ್ಣೀರಲ್ಲಿ, ಕೈಯಲ್ಲೇ ಒಗೀತೀನಿ. ಆಮೇಲೆ ಚೆನ್ನಾಗಿ ಕಾದ ಪೆಟ್ಟಿಗೆಯಲ್ಲಿ ಎರಡೂ ಕಡೆ ಇಸ್ತ್ರಿ. ಒಂದೇ ಒಂದು ಸುಕ್ಕು ತೋರಿಸಿ ನೋಡೋಣ!"

ನರ್ಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಬಿಸಿಗೆ ಒಳಗಿನ ರಬ್ಬರ್ ಸತ್ತೇ ಹೋಗಿದೆ. ಇಷ್ಟು ದಿನ ನೀವು ಹಾಕ್ಕೊಂಡಿದ್ದು ಬರೀ ಬಟ್ಟೆ."

ಮೇಷ್ಟ್ರ ಮುಖ ಹುಳ್ಳಗಾಯಿತು. ಕಸುಬೇ ಕಾಲಿಗೆ ಮುಳುವಾಗಿದ್ದು ಸಾಲದು ಅಂತ, ಮದ್ದನ್ನೂ ಅದೇ ಕಸುಬು ತಿಂದು ಹಾಕಿತ್ತು. ಎಡಗಾಲಿನ ಗಿಣ್ಣಿನ ಪಕ್ಕದ ಹುಣ್ಣು ಎಳ್ಳಷ್ಟೂ ಮಾಯ್ದಿರಲಿಲ್ಲ. ಅದರ ಸುತ್ತ ಚರ್ಮ ಕಪ್ಪಾಗಿತ್ತು, ಮೀನಖಂಡದಲ್ಲಿ ರಕ್ತನಾಳಗಳು ಹುರಿಹಗ್ಗದ ಹಾಗೆ ಗಂಟುಗಂಟಾಗಿ ಎದ್ದಿದ್ದವು. ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು, ಹತ್ತಿದ್ದು ಇಳಿಯದ ಹಾಗೆ ನಾಳದೊಳಗೆ ಪುಟ್ಟ ಪುಟ್ಟ ಬಾಗಿಲುಗಳಿವೆ, ನಿಮ್ಮವು ಸಡಿಲವಾಗಿವೆ ಎಂದು ಡಾಕ್ಟರು ಹೋದ ಸಲವೇ ಚಿತ್ರ ಬರೆದು ತೋರಿಸಿದ್ದರು. ಕೆಳಗೆ ನಿಂತ ರಕ್ತದ್ದೇ ಈ ಊತ, ಈ ಹುಣ್ಣು.

ಡಾಕ್ಟರು ಒಳಗೆ ಬಂದರು. ಚೀಲದ ಕಥೆ ಕೇಳಿಯೂ ನಗಲಿಲ್ಲ.

"ಹೊಸದು ತಗೊಳ್ಳಿ. ಕೆಟ್ಟ ನಾಳವನ್ನ ಒಳಗಿಂದಲೇ ಸುಟ್ಟು ಮುಚ್ಚೋಣ, ಅವತ್ತೇ ನಡ್ಕೊಂಡು ಮನೆಗೆ ಹೋಗಬಹುದು. ಆದ್ರೆ ಹೀಗೆ ದಿನಕ್ಕೆ ಹತ್ತು ಗಂಟೆ ನಿಂತರೆ ಹುಣ್ಣು ಮತ್ತೆ ಬರುತ್ತೆ."

"ನಿಲ್ಲದೆ ಇಸ್ತ್ರಿ ಹೇಗೆ ಸಾರ್? ಕೂತು ಒತ್ತಿದ್ರೆ ಪೆಟ್ಟಿಗೆಗೆ ಮೈಭಾರ ಬೀಳಲ್ಲ," ಎಂದರು ಮೇಷ್ಟ್ರು. ಹುಣ್ಣಿನ ಹೆದರಿಕೆಗಿಂತ ಈ ಹೆದರಿಕೆ ದೊಡ್ಡದು. ಇಸ್ತ್ರಿ ಮೇಜು ತಪ್ಪಿದರೆ ತಾನು ಯಾತಕ್ಕೂ ಬಾರದವನು ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು.

ಬಾಗಿಲ ಬಳಿ ನಿಂತಿದ್ದ ಹೆಂಡತಿ ಬಾಯಿ ಹಾಕಿದಳು. "ಅದಕ್ಯಾಕೆ ತಲೆ ಕೆಡಿಸ್ಕೋತೀರಿ? ನಾನಿಲ್ವಾ? ನೀವು ಕೂತು ಮಡಚಿ, ನಾನು ನಿಂತು ಪೆಟ್ಟಿಗೆ ಹಿಡೀತೀನಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಹೌದು ಸಾರ್! ಇವಳ ಗೆರೆ ಸ್ವಲ್ಪ ಸೊಟ್ಟ, ಆದ್ರೆ ಕಾಲು ಗಟ್ಟಿ. ಒಂದು ದಿನ ನೋವು ಅಂದವಳಲ್ಲ."

ನರ್ಸಮ್ಮನ ಕಣ್ಣು ಮಾತ್ರ ಹೆಂಗಸಿನ ಪಾದದ ಮೇಲಿತ್ತು. ಅವಳು ಆಗಿನಿಂದಲೂ ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದನ್ನು ಆ ಕಾಲಿಗೆ ಉಜ್ಜುತ್ತಿದ್ದಳು.

"ಅಮ್ಮಾ, ಬಟ್ಟೆ ಸ್ವಲ್ಪ ಮೇಲೆತ್ತಿ."

"ನನಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ!"

ನರ್ಸಮ್ಮ ಕೇಳುವವಳಲ್ಲ. ಬಗ್ಗಿ ತಾನೇ ಎತ್ತಿದಳು. ಎರಡೂ ಕಾಲಿನಲ್ಲಿ, ಮೊಣಕಾಲಿನಿಂದ ಪಾದದವರೆಗೆ, ಗಂಡನವಕ್ಕಿಂತ ದಪ್ಪನೆಯ ನಾಳಗಳು. ಬಲಗಾಲಿನ ಗಿಣ್ಣು ಆಗಲೇ ಕಪ್ಪಗಾಗತೊಡಗಿತ್ತು.

ಅಂಗಡಿ ಮೇಜಿನ ಈ ತುದಿಯಲ್ಲಿ ಮೇಷ್ಟ್ರು ನಿಂತಷ್ಟು ಹೊತ್ತೂ ಆ ತುದಿಯಲ್ಲಿ ನೀರು ಚಿಮುಕಿಸುತ್ತ, ಮಡಚುತ್ತ ಅವಳೂ ನಿಂತಿದ್ದಳು. ಅಂಗಡಿ ಮುಚ್ಚಿದ ಮೇಲೆ ಒಲೆ ಮುಂದೆ ಬೇರೆ. ಹತ್ತು ಮಾರು ದೂರದಿಂದ ಅಂಗಿಯ ಸುಕ್ಕು ಹಿಡಿಯುವ ಕಣ್ಣಿಗೆ ಇದು ಮೂವತ್ತು ವರ್ಷ ಕಂಡಿರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು.

"ಯಾಕೇ ಹೇಳ್ಲಿಲ್ಲ?"

"ಇಬ್ರೂ ಕಾಲು ಹಿಡ್ಕೊಂಡು ಕೂತ್ರೆ ಅಂಗಡಿ ಬಾಗಿಲು ಯಾರು ತೆಗೀತಾರೆ?"

ಡಾಕ್ಟರು ಅವಳ ಕಾಲನ್ನೂ ಪರೀಕ್ಷೆಗೆ ಬರೆದರು. ಅದು ಮುಗಿದ ಮೇಲೆ ನರ್ಸಮ್ಮ ಟೇಪು ಹಿಡಿದು ಹೊಸ ಚೀಲಗಳಿಗೆ ಇಬ್ಬರ ಕಾಲಿನ ಅಳತೆಯನ್ನೂ ತೆಗೆದುಕೊಂಡಳು. ಮೇಷ್ಟ್ರು ಆ ವಾರವೇ ಬಟ್ಟೆಗಂಟುಗಳಲ್ಲಿ ಅರ್ಧವನ್ನು ವಾಪಸು ಕಳಿಸಿದರು. ಗಂಟೆಗೊಮ್ಮೆ ಪೆಟ್ಟಿಗೆ ಇಳಿಸಿ ಗಂಡಹೆಂಡಿರು ಬೀದಿಯ ಕೊನೆಯವರೆಗೆ ನಡೆದು ಬರುವುದನ್ನು ಕಂಡು, "ಏನು ಮೇಷ್ಟ್ರೇ, ಹೊಸ ಮದುವೆನಾ?" ಎಂದು ಎದುರಂಗಡಿಯವರು ಕಾಡಿದರು.

ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಮಂಚದಿಂದ ಕಾಲಿಳಿಸಹೊರಟಾಗ ಮೇಷ್ಟ್ರು ತಡೆದರು. "ತಾಳು. ಕಾಲು ನೆಲ ಮುಟ್ಟೋಕೆ ಮುಂಚೆ ಚೀಲ ಹಾಕಬೇಕಂತೆ."

ನೆಲದ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು.

"ಥೂ, ಬಿಡಿ! ಯಾರಾದ್ರೂ ನೋಡಿದ್ರೆ?"

"ನೋಡ್ಲಿ."

ಚೀಲ ಸುಲಭಕ್ಕೆ ಏರಲಿಲ್ಲ. ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು. ಹಿಮ್ಮಡಿ ದಾಟಿಸಿ, ಗಿಣ್ಣು ದಾಟಿಸಿ, ಅಂಗೈಯಿಂದ ಮೆಲ್ಲಗೆ ನೀವುತ್ತ ಮೊಣಕಾಲಿಗೆ ತಂದರು. ಅವಳು ಗೋಡೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಹೊರಗೆ ಯಾರೋ ಬಾಗಿಲು ಬಡಿದರು. "ಮೇಷ್ಟ್ರೇ, ಹೊತ್ತಾಯ್ತು, ಅಂಗಡಿ ತೆಗೀರಿ!"

"ನಿಲ್ರೀ ಸ್ವಲ್ಪ," ಎಂದು ಮೇಷ್ಟ್ರು ಕೂತಲ್ಲಿಂದಲೇ ಕೂಗಿದರು. "ಇನ್ನೂ ಒಂದು ಕಾಲಿದೆ."